ಗಾಜಿನ ಕೋಣೆಯಲ್ಲಿ ನಾದಿನಿ

ನನ್ನ ನಾದಿನಿಗೆ ಬಾಯಿಲ್ಲ ಎನ್ನುವವರನ್ನು ಒಂದು ದಿನ ನಮ್ಮ ನೇಯ್ಗೆ ಶೆಡ್ಡಿನಲ್ಲಿ ತಂದು ನಿಲ್ಲಿಸಬೇಕು. ಸಾಲುಸಾಲು ಮಗ್ಗಗಳು ಒಟ್ಟಿಗೆ ಬಡಿಯುವಾಗ ಅಲ್ಲಿ ಕಿರುಚಿಕೊಂಡರೂ ಪ್ರಯೋಜನವಿಲ್ಲ. ಅದಕ್ಕೇ ನಾವು ಹೆಂಗಸರು ದನಿ ತೆಗೆಯುವುದೇ ಇಲ್ಲ. ತುಟಿ ಆಡಿಸುತ್ತೇವೆ, ಎದುರಿನವಳು ಓದಿಕೊಳ್ಳುತ್ತಾಳೆ. ಜಗಳ, ಚಾಡಿ, ಅತ್ತೆಯ ಮೇಲಿನ ದೂರು, ಎಲ್ಲ ತುಟಿಯಲ್ಲೇ. ಯಾವ ಮಗ್ಗದಲ್ಲಿ ನೂಲು ಹರಿಯಿತು, ಯಾರಿಗೆ ತಲೆ ಸುತ್ತುತ್ತಿದೆ, ಯಾರ ಜಾಗಕ್ಕೆ ಯಾರು ಹೋಗಬೇಕು ಎಂಬುದಕ್ಕೆಲ್ಲ ಅಲ್ಲಿ ನಾದಿನಿಯದೇ ಹುಕುಂ. ಅವಳ ತುಟಿ ಅಲುಗಿದರೆ ಆ ತುದಿಯವಳೂ ಓಡುತ್ತಾಳೆ.

ಸದ್ದಿಲ್ಲದ ಕೋಣೆಗೆ ಕಾಲಿಟ್ಟಳೋ, ಮುಗಿಯಿತು ಕಥೆ. ದನಿಯೇ ಹೊರಡುವುದಿಲ್ಲ.

ಪಾಳಿಯ ಸೂಪರ್‌ವೈಸರ್ ಕೆಲಸ ಖಾಲಿಯಾದಾಗ ಅರ್ಜಿ ಹಾಕು ಎಂದು ಅಡುಗೆಮನೆಯಲ್ಲಿ ಅವಳ ಬೆನ್ನು ಬಿದ್ದವಳು ನಾನೇ.

"ನನಗ್ಯಾಕೆ ಅತ್ತಿಗೆ ಅದೆಲ್ಲ? ಇರೋದೇ ಸಾಕು."

"ಏನಿದೆ ನಿನಗೆ? ಕೆಲಸ ನಿಂದು, ಹೆಸರು ಇನ್ನೊಬ್ಬರದು, ಅಷ್ಟೇ ತಾನೆ? ಗೋದಾಮಿನ ಬಾಯಿಬಡುಕ ಅರ್ಜಿ ಹಾಕಿದಾನೆ ಕಣೇ. ನಾಳೆ ಅವನು ಬಂದು ಮಗ್ಗ ಹೇಗೆ ನಡೆಸ್ಬೇಕು ಅಂತ ನಿನಗೇ ಪಾಠ ಹೇಳ್ತಾನೆ. ಕೇಳ್ಕೊಂಡು ಕೂತಿರ್ತೀಯಾ?"

ಮಾತು ನಾಟಿತು. ಅವಳು ಸೌಟು ಕೆಳಗಿಟ್ಟಳು. "ಆಸೆ ಇದೆ ಅತ್ತಿಗೆ, ತುಂಬಾ ಇದೆ. ಆದ್ರೆ ಅವರ ಮುಂದೆ ಕೂತ್ರೆ ನಾನು ದಡ್ಡಿ ಅನ್ನಿಸಿಬಿಡುತ್ತೆ."

ನನಗೆ ಅಳುವೇ ಬಂತು. ಅಳು ಬಂದರೆ ಬೈಯುವ ಜಾತಿ ನಾನು. ಚೆನ್ನಾಗಿ ಬೈದೆ. ಅವಳು ಅರ್ಜಿ ಹಾಕಿದಳು.

ಸಂದರ್ಶನ ನಡೆದದ್ದು ಶೆಡ್ಡಿನ ನಡುವಿನ ಗಾಜಿನ ಕೋಣೆಯಲ್ಲಿ. ಬಾಗಿಲು ಹಾಕಿದರೆ ಮಗ್ಗದ ಸದ್ದು ಒಳಗೆ ಬಾರದಂಥ ದಪ್ಪ ಗಾಜು. ಹಾಗಾಗಿ ಒಳಗಿನ ಮಾತು ಹೊರಗೆ ಯಾರಿಗೂ ತಿಳಿಯುವುದಿಲ್ಲ ಎಂದು ಮ್ಯಾನೇಜರರ ನಂಬಿಕೆ. ಪಾಪ! ಅವರು ಅಲ್ಲಿ ಕೂತು ಫೋನಿನಲ್ಲಿ ಹೆಂಡತಿಗೆ "ನನ್ನ ಕಿವಿ ನೆಟ್ಟಗಿದೆ, ಯಾವ ಡಾಕ್ಟರೂ ಬೇಡ" ಎಂದು ವಾದಿಸುವುದನ್ನು ಇಡೀ ಶೆಡ್ಡು ಓದಿ ನಕ್ಕಿದೆ.

ನಾದಿನಿ ಒಳಗೆ ಹೋಗಿ ಕೂತಳು. ಪಾಳಿಗೆ ನಾಲ್ಕು ಜನ ಬರದೇ ಹೋದರೆ ಏನು ಮಾಡುತ್ತೀರಿ ಎಂದು ಮ್ಯಾನೇಜರ್ ಕೇಳಿದರು. ಅವಳು ಉತ್ತರ ಕೊಟ್ಟಳು. ಎಂಥ ಉತ್ತರ! ಹೊರಗಿನಿಂದ ಓದುತ್ತಿದ್ದ ನಾನು ಹಿಗ್ಗಿ ಹೀರೇಕಾಯಿಯಾದೆ. ಆಮೇಲೆ ನೋಡುತ್ತೇನೆ, ಮ್ಯಾನೇಜರ್ ಕಿವಿಗೆ ಬೆರಳು ಹಾಕಿ ಅಲ್ಲಾಡಿಸುತ್ತಿದ್ದಾರೆ. ಅಯ್ಯೋ ದೇವರೇ! ಹೆದರಿಕೆಯಲ್ಲಿ ನಮ್ಮ ಹುಡುಗಿ ಶೆಡ್ಡಿನ ಚಾಳಿಯಲ್ಲೇ ಉತ್ತರ ಕೊಡುತ್ತಿದ್ದಾಳೆ. ತುಟಿ ಆಡುತ್ತಿದೆ, ದನಿಯೇ ಇಲ್ಲ!

ಕೇಳಿಸುತ್ತಿಲ್ಲ ಎಂದು ಒಪ್ಪಿಕೊಳ್ಳಲು ಮ್ಯಾನೇಜರಿಗೆ ಆಗುತ್ತದೆಯೇ? ಗಂಭೀರವಾಗಿ ತಲೆಯಾಡಿಸಿ "ಭೇಷ್" ಎಂದರು. ದೊಡ್ಡವರೇ ಭೇಷ್ ಎಂದ ಮೇಲೆ ತನ್ನದೇನು ಎಂದು ಪಕ್ಕದಲ್ಲಿದ್ದ ಸಹಾಯಕನೂ ಭೇಷ್ ಎಂದ. ನಗು ತಡೆಯಲು ನಾನು ತುಟಿ ಕಚ್ಚಿಕೊಂಡೆ.

ಅವಳು ಹೊರಬಂದಳು. ಬಾಗಿಲು ಮುಚ್ಚಿತು. ಗಾಜಿನಾಚೆ ಮ್ಯಾನೇಜರ್ ಸಹಾಯಕನ ಕಡೆ ತಿರುಗಿ ಹೇಳಿದ್ದನ್ನು ನಾವೆಲ್ಲ ಓದಿದೆವು.

"ಗೋದಾಮಿನವನಿಗೇ ಕೊಟ್ಟುಬಿಡೋಣ. ಕೊಡ್ಲಿಲ್ಲ ಅಂದ್ರೆ ಅವನು ರಂಪ ಮಾಡ್ತಾನೆ. ಈಕೆ ಪಾಪದವಳು, ಗಲಾಟೆ ಮಾಡಲ್ಲ."

ನನಗೆ ಪಿತ್ತ ನೆತ್ತಿಗೇರಿತು. ನುಗ್ಗಲು ಹೊರಟವಳನ್ನು ನಾದಿನಿ ಕೈ ಅಡ್ಡ ಹಾಕಿ ತಡೆದಳು. ಅವಳೂ ಓದಿದ್ದಳು. ಮುಖ ಕೆಂಪಾಗಿತ್ತು. ಅವಳು ಶೆಡ್ಡಿನ ಕಡೆ ತಿರುಗಿ ತುಟಿಯಲ್ಲಿ ಹೇಳಿದಳು, "ನಿಲ್ಸಿ."

ಒಂದರ ಹಿಂದೊಂದು ಮಗ್ಗಗಳು ನಿಂತವು. ಮ್ಯಾನೇಜರ್ ಗಾಬರಿಯಾಗಿ ಬಾಗಿಲು ತೆಗೆದು ಹೊರಬಂದರು. ಹೊರಗೂ ಏನೂ ಕೇಳಿಸದೆ ಮತ್ತೆ ಕಿವಿ ಮುಟ್ಟಿಕೊಂಡರು.

"ನಿಮ್ಮ ಕಿವಿ ಚೆನ್ನಾಗಿದೆ ಸಾರ್," ಎಂದಳು ನಾದಿನಿ. ದನಿ ಮೊದಲು ಒಡೆಯಿತು, ಆಮೇಲೆ ಗಟ್ಟಿಯಾಯಿತು. "ಒಳಗೆ ನಾನೇ ದನಿ ತೆಗೀಲಿಲ್ಲ. ಈಗ ಕೇಳಿ. ನಾನು ಗಲಾಟೆ ಮಾಡಲ್ಲ ಅಂದ್ರಲ್ಲ? ಮಾಡ್ತೀನಿ."

ಒಳಗಿನ ಮಾತು ಹೊರಗೆ ಬಿಟ್ಟವನು ಇವನೇ ಎಂದು ಮ್ಯಾನೇಜರ್ ಸಹಾಯಕನನ್ನು ದುರುಗುಟ್ಟಿ ನೋಡಿದರು. ನಾನಲ್ಲ ಎಂದು ಅವನು ಕೈಯಾಡಿಸಿದ.

"ಮೊದಲು ಮಗ್ಗ ಶುರು ಮಾಡಿ!" ಎಂದು ಅವರು ಕೂಗಿದರು. ಒಬ್ಬಳೂ ಅಲುಗಲಿಲ್ಲ. ನಾನಂತೂ ಉಗುರು ನೋಡಿಕೊಳ್ಳುತ್ತ ನಿಂತೆ. ಬಾಯಿಬಡುಕ ಗೋದಾಮಿನಿಂದ ಓಡಿಬಂದು ತಾನೂ ಕೂಗಿದ. ಅವನ ಗಂಟಲು ಕೆಟ್ಟಿತೇ ಹೊರತು ಒಂದು ಮಗ್ಗವೂ ಶುರುವಾಗಲಿಲ್ಲ.

ಮ್ಯಾನೇಜರ್ ಬೆವರೊರೆಸಿಕೊಂಡರು. "ನೀವೇ ಹೇಳಿ ನೋಡಮ್ಮ."

"ಹೇಳ್ತೀನಿ ಸಾರ್. ಏನಾಗಿ ಹೇಳ್ಲಿ? ನೇಯೋಳಿಗೆ ಆ ಅಧಿಕಾರ ಇಲ್ವಲ್ಲ."

ಇದ್ದ ಕೆಲಸವೂ ಹೋಗಬಹುದಿತ್ತು, ಅದು ಅವಳಿಗೂ ಗೊತ್ತಿತ್ತು. ಮ್ಯಾನೇಜರ್ ಅವಳನ್ನು ನೋಡಿದರು, ನಿಂತ ಮಗ್ಗಗಳನ್ನು ನೋಡಿದರು, ಉಗುರು ನೋಡಿಕೊಳ್ಳುತ್ತಿದ್ದ ನನ್ನನ್ನೂ ನೋಡಿದರು.

"ಸೂಪರ್‌ವೈಸರ್ ಆಗಿ ಹೇಳಿ," ಎಂದು ಗೊಣಗಿದರು.

"ಕೇಳಿಸ್ಲಿಲ್ಲ ಸಾರ್," ಎಂದಳು ನನ್ನ ನಾದಿನಿ. "ಎಲ್ಲರಿಗೂ ಕೇಳೋ ಹಾಗೆ, ಸ್ವಲ್ಪ ಜೋರಾಗಿ."