ಬಾಗಿಲ ಹಿಂದಿನ ನೇರಳೆ ಯುಗ

ನಮ್ಮಪ್ಪ ನಲವತ್ತು ವರ್ಷ ಊರಿನ ಗೋಡೆಗಳಿಗೆ ಬಣ್ಣ ಬಳಿದ. ನಾನು ಎರಡು ವರ್ಷದಿಂದ ಅದನ್ನು ಕೆರೆಯುತ್ತಿದ್ದೇನೆ. ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ಸ್ನಾತಕೋತ್ತರ ಪದವಿ ಎಂದು ಅದಕ್ಕೊಂದು ಘನವಾದ ಹೆಸರಿದೆ. ನಾನು ಕಾಲೇಜು ಸೇರಿದ ದಿನ ಅಪ್ಪ ಕೇಳಿದ್ದು ಒಂದೇ ಮಾತು: "ಬಳಿದವನಿಗೆ ಕೂಲಿ, ಕೆರೆದವಳಿಗೆ ಡಿಗ್ರಿನಾ?"

ಆಮೇಲೂ ಅವನು ಎರಡು ಸಲ ನನ್ನ ಓದಿನ ಬಗ್ಗೆ ವಿಚಾರಿಸಿದ. ಒಮ್ಮೆ "ಯಾವುದೋ ಹಳೇ ಕಟ್ಟಡ" ಅಂದೆ. ಇನ್ನೊಮ್ಮೆ ಅವಸರದಲ್ಲಿದ್ದೆ, "ಹೇಳಿದ್ರೂ ನಿನಗೆ ಅರ್ಥ ಆಗಲ್ಲಪ್ಪ" ಅಂದುಬಿಟ್ಟೆ. ಅವನು ಕನ್ನಡಕ ಒರೆಸಿಕೊಂಡ. ಮತ್ತೆ ಕೇಳಲಿಲ್ಲ.

ಆ ಹಳೇ ಕಟ್ಟಡ ಊರ ನಡುವಿನ ಗ್ರಂಥಾಲಯ. ವಯಸ್ಸು ನೂರಹತ್ತು. ಓದುವ ಹಾಲ್‌ನ ಹಳೆ ಗಾರೆಯನ್ನೆಲ್ಲ ಕೆಲವು ವರ್ಷಗಳ ಹಿಂದೆ ರಿಪೇರಿಯ ಹೆಸರಿನಲ್ಲಿ ಕೆತ್ತಿ ಹಾಕಿ ಹೊಸದು ಮೆತ್ತಿದ್ದರು. ಉಳಿದದ್ದು ಒಂದೇ ಜಾಗ. ದೊಡ್ಡ ಬಾಗಿಲನ್ನು ಪೂರ್ತಿ ತೆರೆದರೆ ಅದರ ಹಿಂದೆ ಮರೆಯಾಗುವ ಎರಡು ಮೊಳ ಗೋಡೆ. ಅಷ್ಟು ಭಾರದ ಬಾಗಿಲನ್ನು ಸರಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ನನಗಂತೂ ನಿಧಿ ಸಿಕ್ಕ ಹಾಗಾಯಿತು. ಹೆಸರುಕಾಳಿನಷ್ಟು ಚಕ್ಕೆ ತೆಗೆದು, ಅಡ್ಡ ಕತ್ತರಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಿದೆ. ಹನ್ನೊಂದು ಪದರ. ನೂರಹತ್ತು ವರ್ಷಕ್ಕೆ ಹನ್ನೊಂದು, ಅಂದರೆ ಹತ್ತು ವರ್ಷಕ್ಕೊಂದು. ಲೆಕ್ಕ ಇಷ್ಟು ಚೆನ್ನಾಗಿ ಕೂತರೆ ಯಾರಿಗೆ ತಾನೇ ಅನುಮಾನ ಬರುತ್ತದೆ?

ಕೆಳಗಿನಿಂದ ಐದು, ಆರು, ಏಳನೆಯ ಪದರಗಳು ನೇರಳೆ. ಹಾಗಾದರೆ ಮೂವತ್ತು ವರ್ಷ ಈ ಊರು ನೇರಳೆ ಗೋಡೆಗಳ ನಡುವೆ ಕೂತು ಪೇಪರ್ ಓದಿತ್ತು. ನಾನು ಅದಕ್ಕೆ 'ನೇರಳೆ ಯುಗ' ಎಂದು ಹೆಸರಿಟ್ಟೆ. ಪ್ರಬಂಧದ ಶೀರ್ಷಿಕೆಯೂ ಅದೇ ಆಯಿತು.

ಒಂದು ಸಣ್ಣ ತೊಡಕಿತ್ತು. ಹತ್ತು ವರ್ಷದ ಗೋಡೆಯ ಮೇಲೆ ಧೂಳು, ಮಸಿ ಕೂತಿರುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಎರಡು ಪದರಗಳ ನಡುವೆ ಕಪ್ಪು ಗೆರೆ ಕಾಣಬೇಕು. ನೇರಳೆಗಳ ನಡುವೆ ಗೆರೆಯೇ ಇರಲಿಲ್ಲ. "ಇದನ್ನ ಇನ್ನೊಮ್ಮೆ ನೋಡು" ಎಂದು ನಮ್ಮ ಗೈಡ್ ಮೇಡಂ ಹೇಳಿದ್ದರು. ವಿದ್ಯಾರ್ಥಿಗಳು ಅವರಿಗೆ ಭೂತಗನ್ನಡಿ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ. ನಾನು ನೋಡುವ ಬದಲು ಅಡಿಟಿಪ್ಪಣಿ ಬರೆದೆ: "ಆ ಕಾಲದಲ್ಲಿ ಬಣ್ಣ ಬಳಿಯುವ ಮೊದಲು ಗೋಡೆಯನ್ನು ಚೆನ್ನಾಗಿ ಒರೆಸುತ್ತಿದ್ದರೆಂದು ತೋರುತ್ತದೆ." ಬರೆದು ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಶುಕ್ರವಾರ ವೈವಾ. ಅದಾದರೆ ಪದವಿ ಕೈಗೆ ಬಂದ ಹಾಗೆಯೇ. ಗ್ರಂಥಾಲಯದವರೂ ಅದನ್ನೇ ಕಾಯುತ್ತಿದ್ದರು. ಪರೀಕ್ಷಕರು ಹೂಂ ಅಂದರೆ ಮರುವಾರವೇ ಇಡೀ ಹಾಲ್‌ಗೆ ನೇರಳೆ ಬಣ್ಣ.

ವೈವಾದಲ್ಲಿ ತೋರಿಸಲು ಅದೇ ನೇರಳೆ ಬಳಿದ ಒಂದು ಹಲಗೆ ಬೇಕಿತ್ತು. ಬಣ್ಣದ ಅಂಗಡಿಯ ಯಂತ್ರ ಮೂರು ಸಲ ಕಲಸಿತು, ಮೂರು ಸಲವೂ ಬೇರೆ ಬಣ್ಣ ಕೊಟ್ಟಿತು. ಮಂಗಳವಾರ ಮಧ್ಯಾಹ್ನ ಬಿಸಿಲಲ್ಲಿ ಸುತ್ತಿ ಮನೆಗೆ ಬಂದಾಗ ಅಮ್ಮ ಬೈದಳು. "ಬೆಣ್ಣೆ ಮನೇಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀತೀಯಲ್ಲ. ನಿಮ್ಮಪ್ಪ ಅಲ್ಲೇ ಕೂತಿದಾನೆ."

ಏಳನೆಯ ಪದರಕ್ಕೆ ಹೊಂದಿಸಿ ಆರಿಸಿಟ್ಟಿದ್ದ ಬಣ್ಣದ ಚೀಟಿಯನ್ನು ಅಪ್ಪನಿಗೆ ಕೊಟ್ಟೆ. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕ್ಷಣ ನೋಡಿದ. ಆಮೇಲೆ ಹಿಂದಿನ ಅಂಗಳದಲ್ಲಿ ಹಳೆ ಡಬ್ಬಗಳನ್ನು ತೆರೆದು ಕೂತ. ಕೆಂಪು, ನೀಲಿ, ಒಂದಿಷ್ಟು ಬಿಳಿ. ಕಡ್ಡಿಯಲ್ಲಿ ಕಲಸುತ್ತಾ ತನ್ನಷ್ಟಕ್ಕೇ ಗುನುಗುತ್ತಿದ್ದ. ಹತ್ತು ನಿಮಿಷ ಆಗಿರಲಿಲ್ಲ, ಹಲಗೆಯ ಮೇಲೆ ನನ್ನ ನೇರಳೆ ಕೂತಿತ್ತು. ಚೀಟಿ ಪಕ್ಕಕ್ಕಿಟ್ಟು ನೋಡಿದೆ, ಎಳ್ಳಷ್ಟೂ ವ್ಯತ್ಯಾಸವಿಲ್ಲ.

"ಇಷ್ಟು ಬೇಗ ಹೇಗಪ್ಪ?"

"ಹಿಂದೆ ಒಂದ್ಸಲ ಕಲಸಿದೀನಿ. ಮೊದಲು ಗಾಢ ಆಗೋಯ್ತು, ಬಿಳಿ ಹಾಕ್ದೆ. ಆಗಲೂ ನಿಮ್ಮಮ್ಮನಿಗೆ ಸರಿ ಬರಲಿಲ್ಲ, ಇನ್ನೊಂಚೂರು ಬಿಳಿ ಹಾಕ್ದೆ. ನೀನು ಹೊಟ್ಟೇಲಿದ್ದೆ. ಅಡುಗೆಮನೆಗೆ ಬದನೆ ಹೂವಿನ ಬಣ್ಣವೇ ಬೇಕು ಅಂತ ಹಟ ಅವಳದು. ನೀನಿದನ್ನ ಎಲ್ಲಿಂದ ತಂದೆ?"

"ಗ್ರಂಥಾಲಯದ್ದು. ದೊಡ್ಡ ಬಾಗಿಲ ಹಿಂದಿನ ಗೋಡೆ."

ಅಪ್ಪ ನಕ್ಕ. ಕನ್ನಡಕ ಜಾರಿ ಬಣ್ಣದ ಡಬ್ಬಕ್ಕೆ ಬೀಳುವಷ್ಟು ನಕ್ಕ. "ಅಲ್ಲಮ್ಮ, ಬಾಗಿಲ ಹಿಂದೆ ಯಾರಾದ್ರೂ ಬಣ್ಣ ಬಳೀತಾರಾ? ಅಲ್ಲಿ ಪೇಂಟರ್‌ಗಳು ಬಣ್ಣ ಪರೀಕ್ಷೆ ಮಾಡ್ತಾರೆ. ಕಲಸಿದ್ದು ಒಣಗಿದ ಮೇಲೆ ಹೇಗಿರುತ್ತೆ ಅಂತ ಒಂದು ಪಟ್ಟಿ ಎಳೆದು ನೋಡೋದು, ಸಂಜೆ ಬ್ರಷ್ ಒರೆಸೋದು, ಎಲ್ಲ ಅಲ್ಲೇ. ಯಾರ ಕಣ್ಣಿಗೂ ಬೀಳಲ್ಲವಲ್ಲ. ಆ ವರ್ಷ ಗ್ರಂಥಾಲಯದ ಕೆಲಸ ನಂದೇ ಇತ್ತು. ಊಟದ ಬಿಡುವಿಗೆ ನಿಮ್ಮಮ್ಮ ಅಲ್ಲಿಗೇ ಬಂದು, ಒಂದೇ ಮಧ್ಯಾಹ್ನದಲ್ಲಿ ಮೂರು ಸಲ ನನ್ನ ಕೈಲಿ ಬಣ್ಣ ಕಲಸಿಸಿದ್ಲು."

ಗಾಢ, ತಿಳಿ, ಇನ್ನೂ ತಿಳಿ. ನನ್ನ ಬ್ಯಾಗಿನಲ್ಲಿದ್ದ ಫೋಟೋದಲ್ಲಿ ಇದ್ದದ್ದೂ ಅದೇ ಕ್ರಮ. ಧೂಳಿನ ಗೆರೆ ಎಲ್ಲಿಂದ ಬರಬೇಕು? ಮೂರಕ್ಕೂ ನಡುವೆ ಇದ್ದದ್ದು ಅರ್ಧರ್ಧ ಗಂಟೆ. ನನ್ನ ಮೂವತ್ತು ವರ್ಷದ ನೇರಳೆ ಯುಗ ಅಪ್ಪನ ಊಟದ ಬಿಡುವಿನಲ್ಲಿ ಮುಗಿದಿತ್ತು.

"ಚೆನ್ನಾಗಿ ಒರೆಸುತ್ತಿದ್ದರು ಅಂತ ಬರೆದಿದೀನಪ್ಪ" ಎಂದು ಅಡಿಟಿಪ್ಪಣಿಯ ವಿಷಯ ಹೇಳಿದೆ.

"ಯಾರು, ನಾವಾ?" ಎಂದು ಅವನು ಮತ್ತೆ ನಗಲು ಹೊರಟವನು ನನ್ನ ಮುಖ ನೋಡಿ ನಿಲ್ಲಿಸಿದ. ಅದು ಸುಟ್ಟ ಬದನೆಕಾಯಿಯಂತಾಗಿತ್ತು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಅಮ್ಮನ ಬಸುರಿ ಬಯಕೆಯ ಮೇಲೂ ಬಂತು. ಎರಡು ವರ್ಷದ ಕೆಲಸ, ಉಳಿದದ್ದು ಮೂರು ದಿನ.

ಅಪ್ಪ ಕಡ್ಡಿ ಕೆಳಗಿಟ್ಟ. "ನಾನು ಬಾಯಿ ಬಿಡಲ್ಲ ಮಗಳೇ. ನೀನು ಹೋಗಿ ಹೇಳೋದು ಹೇಳು. ನಮ್ಮನ್ನ ಯಾರು ಕೇಳ್ತಾರೆ?"

ಅವನು ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಆ ಮಾತು ನನ್ನ ಕೆನ್ನೆಗೆ ಬಾರಿಸಿದ ಹಾಗಿತ್ತು. ನಾನು ಗ್ರಂಥಪಾಲಕರನ್ನು ಕೇಳಿದ್ದೆ, ನಿವೃತ್ತ ಇಂಜಿನಿಯರ್‌ಗಳನ್ನು ಕೇಳಿದ್ದೆ, ಪುರಸಭೆಯ ಕಡತದ ಕೋಣೆಯಲ್ಲಿ ಸೀನುತ್ತಾ ವಾರಗಟ್ಟಲೆ ಕೂತಿದ್ದೆ. "ಬಣ್ಣ ಬಳಿದವರ ಬಗ್ಗೆ ಯಾವ ಮಾಹಿತಿಯೂ ದೊರೆಯಲಿಲ್ಲ" ಎಂದು ಹನ್ನೆರಡನೆಯ ಪುಟದಲ್ಲಿ ಬರೆದು, ಮನೆಗೆ ಬಂದು, ಅದೇ ಬಣ್ಣ ಬಳಿದವನ ಎದುರು ಕೂತು ಊಟ ಮಾಡಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು. ನನಗೆ ನಾಚಿಕೆಯಾಯಿತು.

ಬುಧವಾರ ಪೂರ್ತಿ ಪ್ರಬಂಧ ಮುಂದಿಟ್ಟುಕೊಂಡು ಕೂತೆ. ಸುಮ್ಮನಿದ್ದರೆ ಪದವಿ ಸಿಗುತ್ತಿತ್ತು, ಅದು ಖಂಡಿತ. ಆದರೆ ಊರಿಗೆ ಊರೇ ನಮ್ಮಮ್ಮನ ಅಡುಗೆಮನೆಯೊಳಗೆ ಕೂತು ಓದಬೇಕಾಗುತ್ತಿತ್ತು. ಗುರುವಾರ ಸಂಜೆ ಅಪ್ಪನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದೆ.

"ಇದ್ಯಾಕೆ?" ಅಂದ.

"ನಾಳೆ ನನ್ನ ಜೊತೆ ಬರ್ತೀಯ."

ವೈವಾ ಕೋಣೆಯಲ್ಲಿ ಭೂತಗನ್ನಡಿ ಮೇಡಂ ಮತ್ತು ಹೊರಗಿನಿಂದ ಬಂದ ಪರೀಕ್ಷಕರು ಕೂತಿದ್ದರು. ನಾನು ಮೊದಲ ಚಿತ್ರ ತೋರಿಸಿ ಒಂದೇ ಉಸಿರಿನಲ್ಲಿ ಹೇಳಿದೆ. "ಈ ಪ್ರಬಂಧದ ಶೀರ್ಷಿಕೆ ತಪ್ಪು. ನೇರಳೆ ಯುಗ ಮೂವತ್ತು ವರ್ಷದ್ದಲ್ಲ, ಒಂದು ಮಧ್ಯಾಹ್ನದ್ದು. ಅದನ್ನ ಬಳಿದವರು ಹೊರಗೆ ಬೆಂಚಿನ ಮೇಲೆ ಕೂತಿದಾರೆ."

ಪರೀಕ್ಷಕರು ಪ್ರಬಂಧ ಮುಚ್ಚಿಟ್ಟರು. "ಒಳಗೆ ಕರೀರಿ" ಅಂದರು.

ಅಪ್ಪ ಚಪ್ಪಲಿ ಹೊರಗೇ ಬಿಟ್ಟು ಬಂದ. ಮೊದಲ ಎರಡು ನಿಮಿಷ ಕೈ ಕಟ್ಟಿಕೊಂಡು ಪಿಸುಗುಟ್ಟಿದ. ಪರದೆಯ ಮೇಲೆ ಪದರಗಳ ಫೋಟೋ ದೊಡ್ಡದಾಗಿ ಬಂದದ್ದೇ ತಡ, ಕೈ ಬಿಚ್ಚಿಕೊಂಡಿತು. "ಬೇರೆ ಕಟ್ಟಡಗಳ ಬಣ್ಣಾನೂ ನಾವು ಇಲ್ಲೇ ಕಲಸಿ ನೋಡ್ತಿದ್ವಿ. ಈ ಹಳದಿ ಹೆಣ್ಣುಮಕ್ಕಳ ಶಾಲೆದು. ಈ ಹಸಿರು ಆಸ್ಪತ್ರೆದು, ನಮ್ಮ ಮೇಸ್ತ್ರಿ ಕಲಸಿದ್ದು, ಅವನ ಕೈಯೇ ಬೇರೆ. ಹಾಲ್‌ಗೆ ನಾವು ಯಾವಾಗಲೂ ಬಳಿದಿದ್ದು ಕೆನೆ ಬಣ್ಣ. ಮೇಸ್ತ್ರಿ ಅವರಪ್ಪನೂ ಅದನ್ನೇ ಬಳೀತಿದ್ನಂತೆ." ಪರೀಕ್ಷಕರು ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಕೂತರು. ನನ್ನನ್ನು ಆಮೇಲೆ ಯಾರೂ ಏನೂ ಕೇಳಲಿಲ್ಲ. ಆ ಬಾಗಿಲ ಹಿಂದೆ ಊರಿನ ಅರ್ಧ ಕಟ್ಟಡಗಳ ಬಣ್ಣ ಇತ್ತು.

ಪದವಿ ಅವತ್ತು ಸಿಗಲಿಲ್ಲ. ಆರು ತಿಂಗಳು ಕೊಟ್ಟು, ಬಾಗಿಲ ಹಿಂದಿನ ಗೋಡೆಗಳ ಬಗ್ಗೆ ಹೊಸದಾಗಿ ಬರೆದು ತಾ ಅಂದರು. "ಆ ಅಡಿಟಿಪ್ಪಣಿ ಓದಿದಾಗಲೇ ನಿನ್ನ ಕಿವಿ ಹಿಂಡಬೇಕಿತ್ತು" ಎಂದು ಮೇಡಂ ಬೈದರು. ಗ್ರಂಥಾಲಯಕ್ಕೆ ಕೆನೆ ಬಣ್ಣವೇ ಬಂತು. ಆ ಎರಡು ಮೊಳವನ್ನು ಮಾತ್ರ ಮುಟ್ಟಬಾರದೆಂದು ಚೀಟಿ ಅಂಟಿಸಿದರು. ಅಪ್ಪನೂ ನಾನೂ ಆರು ತಿಂಗಳು ಊರಿನ ಬಾಗಿಲುಗಳ ಹಿಂದೆ ಇಣುಕಿ ನೋಡುತ್ತಾ ತಿರುಗಿದೆವು. ಎರಡು ಕಡೆ ಕಳ್ಳರೆಂದು ವಿಚಾರಿಸಿದರು ಕೂಡ.

ಪ್ರಬಂಧ ಬೈಂಡಾಗಿ ಬಂದ ದಿನ ಅಮ್ಮ ಅದರ ಬಣ್ಣದ ಪುಟ ತೆರೆದು ನೋಡಿ, "ಒಣಗಿದ ಮೇಲೆ ಅಡುಗೆಮನೆ ಏಟು ಬಿದ್ದ ಮೈ ಹಾಗೆ ಕಾಣ್ತಿತ್ತು. ವಾರದಲ್ಲಿ ಸುಣ್ಣ ಹೊಡೆಸಿದೆ, ಅದನ್ನೂ ಬರಿ" ಅಂದಳು. ಅಪ್ಪನಿಗೆ ಬೇಕಿದ್ದದ್ದು ಮಾಹಿತಿ ಕೊಟ್ಟವರ ಪಟ್ಟಿ. ಕೊನೆಯ ಪುಟಗಳನ್ನು ತೆಗೆದುಕೊಟ್ಟೆ. ಅವನು ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಾ ಬಂದ. ಇಂಜಿನಿಯರ್‌ಗಳು, ಪ್ರೊಫೆಸರ್‌ಗಳು, ಅಧಿಕಾರಿಗಳು, ಒಟ್ಟು ಎಂಬತ್ತನಾಲ್ಕು. ಎಂಬತ್ತೈದನೆಯದಾಗಿ ಅವನ ಹೆಸರು, ಮುಂದೆ 'ಪೇಂಟರ್' ಎಂದಿತ್ತು. ಅಲ್ಲಿ ಬೆರಳು ಬಹಳ ಹೊತ್ತು ನಿಂತಿತು.

"ಮೇಲಿರೋರೆಲ್ಲ ಪೇಂಟರ್‌ಗಳಾ?"

"ಇಲ್ಲಪ್ಪ. ನೀನೊಬ್ಬನೇ."

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ. "ಮತ್ತೆ ಬಣ್ಣದ ವಿಷಯ ಇವರನ್ನೆಲ್ಲ ಯಾಕೆ ಕೇಳ್ದೆ?" ಅಂದ.