ಟೇಪಿನ ಆ ತುದಿ

ಬಣ್ಣ, ಕುಲ, ಮಾತು ಬೇರೆಯಾದವರು ಒಂದೇ ಬೀದಿಯಲ್ಲಿ ಹೇಗೆ ಬಾಳುತ್ತಾರೆ ಎಂದು ಅಧ್ಯಯನ ಮಾಡಲು ಬಂದ ಹುಡುಗಿ ಟೈಲರ್ ಅಂಗಡಿಯ ಬೆಂಚು ಹಿಡಿದು ಅಂದಿಗೆ ಆರನೇ ದಿನ. ಮಾತಿಲ್ಲ, ಕತೆಯಿಲ್ಲ, ಗಿರಾಕಿಯೊಬ್ಬ ಬಂದು ಅಳತೆ ಕೊಟ್ಟರೆ ಸಾಕು, ಅವಳ ಪುಸ್ತಕದಲ್ಲಿ ಒಂದು ಗೀಟು. ಟೈಲರ್ ಮಾಸ್ತರರಿಗೆ ಕತ್ತರಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

ಅಧ್ಯಯನವಂತೆ, ಮಣ್ಣಂತೆ! ಹೊಳೆಯಾಚೆಯಿಂದ ಬಂದು ನೆಲೆಸಿದವರನ್ನು ಪಟ್ಟಿ ಮಾಡಿ ಊರು ಬಿಡಿಸುವ ಹೂಟವೇ ಇದು ಎಂದು ಅವರ ಗುಮಾನಿ. ಹೊಲಿಗೆ ಮಷೀನಿಗೆ ಕೂತ ಗುಂಡಿಯಣ್ಣ ಹೊಳೆಯಾಚೆಯವನು, ಹದಿನೆಂಟು ವರ್ಷದಿಂದ ಅಂಗಡಿಯಲ್ಲಿ ಸಮಪಾಲಿನ ಜೊತೆಗಾರ. ಅವನನ್ನು ಕಳೆದುಕೊಂಡರೆ ತಮ್ಮ ಬಲಗೈ ಹೋದಂತೆ ಎಂದು ಮಾಸ್ತರರು ನಿಜವಾಗಿಯೂ ನಂಬಿದ್ದರು. ಅದಕ್ಕೇ ಮೊದಲ ದಿನವೇ, "ಇವ್ನು ನನ್ನ ಸ್ವಂತ ಚಿಕ್ಕಮ್ಮನ ಮಗ" ಎಂದು ಹಸಿ ಸುಳ್ಳು ಬಿಟ್ಟಿದ್ದರು. ಇಬ್ಬರ ಮುಖದಲ್ಲಿ ಹುಡುಕಿದರೂ ಒಂದು ಹೋಲಿಕೆಯಿರಲಿಲ್ಲ. ಹುಡುಗಿ ನಕ್ಕು ಅದನ್ನೂ ಬರೆದುಕೊಂಡಿದ್ದಳು. ಆ ನಗುವೇ ಮಾಸ್ತರರ ನಿದ್ದೆ ಕೆಡಿಸಿತ್ತು.

ಮಧ್ಯಾಹ್ನ ಅವಳು ನೀರು ಕುಡಿಯಲು ಹಿತ್ತಲ ಕಡೆ ಹೋದದ್ದೇ ತಡ, ಮಾಸ್ತರರು ಪುಸ್ತಕಕ್ಕೆ ಕೈಹಾಕಿದರು.

ಯಾರ ಹೆಸರೂ ಇರಲಿಲ್ಲ. ಪುಟದ ನಡುವೆ ಒಂದು ಗೆರೆ. ಎಡಕ್ಕೆ, 'ಮಾಸ್ತರರೇ ಮೈಗೆ ಟೇಪು ಸುತ್ತಿ ಅಳೆದದ್ದು: ಎಲ್ಲರೂ ಈಚೆಯವರು.' ಬಲಕ್ಕೆ, 'ಟೇಪಿನ ತುದಿ ಗಿರಾಕಿಯ ಕೈಗೇ ಕೊಟ್ಟು, ದೂರ ನಿಂತು ಅಳೆದದ್ದು: ಎಲ್ಲರೂ ಆಚೆಯವರು.'

"ನೋಡೋ ಇವಳ ಕೊಬ್ಬು!" ಮಾಸ್ತರರು ಜೊತೆಗಾರನ ಮುಂದೆ ಪುಸ್ತಕ ಹಿಡಿದರು. "ನಾನು ಯಾವತ್ತಾದ್ರೂ ಹಿಂಗೆ ಮಾಡಿದೀನೇನೋ?"

ಗುಂಡಿಯಣ್ಣ ಸೂಜಿಗೆ ದಾರ ಪೋಣಿಸುತ್ತಲೇ ಇದ್ದ. "ಬಿಡಣ್ಣ, ಈಗ್ಯಾಕೆ ಅದೆಲ್ಲ."

"ಬಿಡಲ್ಲ. ಹೇಳು."

"ನನ್ನ ಮದುವೆಗೆ ಕೋಟು ಹೊಲ್ದೆಯಲ್ಲ, ಅವತ್ತೂ ತುದಿ ನನ್ನ ಕೈಗೇ ಕೊಟ್ಟಿದ್ದೆ. ನಿನಗೇ ಗೊತ್ತಿಲ್ದೆ ಮಾಡ್ತೀಯ ಅಂತ ಸುಮ್ನಿದ್ದೆ."

ಮಾಸ್ತರರು ಪುಸ್ತಕವನ್ನು ಬೆಂಚಿನ ಮೇಲಿಟ್ಟರು. ಕಳ್ಳ ಹೊರಗಿನಿಂದ ಬರುತ್ತಾನೆಂದು ಆರು ದಿನ ಬಾಗಿಲು ಕಾದರೆ, ಅವನಿದ್ದದ್ದು ತಮ್ಮೊಳಗೇ! ಕಿವಿಯವರೆಗೂ ನಾಚಿಕೆ ಏರಿತು. ಕೊರಳಿಂದ ಟೇಪು ತೆಗೆದು, "ಏಳೋ, ನಿನಗೊಂದು ಕೋಟು ಹೊಲೀತೀನಿ" ಎಂದರು.

ಗುಂಡಿಯಣ್ಣ ಎದ್ದು ನಿಂತ. ಮಾಸ್ತರರು ಹತ್ತಿರ ಬರುವ ಮೊದಲೇ, ಅಭ್ಯಾಸದಂತೆ, ಟೇಪಿನ ತುದಿ ಹಿಡಿಯಲು ಕೈ ಚಾಚಿದ.