ಮಂಚದ ಸದ್ದು

ಕಟಕ್, ಆಮೇಲೆ ಕರಕರ, ಸಕ್ಕರೆ ಡಬ್ಬಿಯಿಂದಲ್ಲ, ನನ್ನ ಬಲಭುಜದೊಳಗಿಂದ, ಕೈ ಮೇಲಿನ ಕಪಾಟಿನಲ್ಲೇ ನಿಂತುಬಿಟ್ಟಿದೆ, ಇಳಿ ಅಂದರೆ ಇಳಿಯದು, ಎಡಗೈಯಿಂದ ಮೊಣಕೈ ಹಿಡಿದು, ಯಾರದೋ ಕೈಯನ್ನು ಇಳಿಸಿದ ಹಾಗೆ ಇಳಿಸಿಕೊಳ್ಳಬೇಕು — ಹಾಲು ಉಕ್ಕುತ್ತಿದೆ, ಉರಿ ಸಣ್ಣ ಮಾಡು — ಸವೆದಿದೆ ಅಂದರು ನಿನ್ನೆ ಡಾಕ್ಟರು, ಎಕ್ಸ್‌ರೇ ಬೆಳಕಿಗೆ ಹಿಡಿದು, ಮೂಳೆಗೆ ಮೂಳೆ ಉಜ್ತಿದೆ ನೋಡಿಮ್ಮಾ, ಸವೆದದ್ದು ಮತ್ತೆ ಬರಲ್ಲ, ನೋವನ್ನ ಹದ್ದುಬಸ್ತಿನಲ್ಲಿ ಇಡಬಹುದು ಅಷ್ಟೆ, ಬಿಸಿ ಶಾಖ ಕೊಡಿ, ಮುಂದೆ ಬಾಗಿ ಕೈಯನ್ನ ತೊಟ್ಟಿಲಿನ ಹಾಗೆ ತೂಗಿ, ಭಾರ ಮಾತ್ರ ಎತ್ತಬೇಡಿ, ಎಷ್ಟು ಭಾರ ಡಾಕ್ಟ್ರೇ ಅಂದೆ, ತುಂಬಿದ ಬಕೆಟ್ ಕೂಡ ಬೇಡ, ತಲೆಯಾಡಿಸಿ ಎದ್ದು ಬಂದೆ, ಮನೆಯಲ್ಲಿ ಹದಿನಾಲ್ಕರ ಮಗಳಿದ್ದಾಳೆ, ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲ, ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ನಾನೇ ಎತ್ತುವುದು ಅಂತ ಡಾಕ್ಟರಿಗೆ ಹೇಳಲಿಲ್ಲ, ಹೇಳಿದರೆ ಬೇಡ ಅಂತಾರೆ, ಬೇಡ ಅಂದಮೇಲೆ ಎತ್ತುವುದು ಹೇಗೆ, ಎತ್ತದೆ ಇರುವುದು ಹೇಗೆ, ಅವಳಪ್ಪ ಬೆಳಕು ಹರಿಯುವ ಮುಂಚೆ ಬಸ್ಸು ಓಡಿಸಲು ಹೋಗಿಬಿಡುತ್ತಾರೆ, ಎತ್ತುವಾಗ ಭುಜದ ಸದ್ದು ಬಂದಾಗಲೆಲ್ಲ ಮಂಚ ಕಣೇ, ಹಳೇದು, ಅಂತ ಮಗಳಿಗೆ ಅಂದುಬಿಟ್ಟಿದ್ದೆ, ಪಾಪ, ಅವಳಪ್ಪನೂ ನಂಬಿ ರಜೆಯ ದಿನ ಮಂಚದ ಸಂದುಸಂದಿಗೂ ಎಣ್ಣೆ ಬಿಟ್ಟು, ಸ್ಕ್ರೂ ಬಿಗಿದು, ಈಗ ಕಿರುಗುಟ್ಟಲಿ ನೋಡೋಣ ಅಂತ ಅದರ ಮೇಲೆ ಕುಣಿದೂ ತೋರಿಸಿದರು, ಅವಳು ನಕ್ಕಳು, ನಾನೂ ನಕ್ಕೆ, ಮಾರನೇ ದಿನ ಮತ್ತೆ ಕಟಕ್ — ಅಮ್ಮಾ, ಹಾಲು ಆಯ್ತಾ, ಶಾಲೆಗೆ ಹೊತ್ತಾಯ್ತು — ಬಂದೆ ಕಂದಾ, ಬಂದೆ, ಲೋಟ ಎಡಗೈಯಲ್ಲೇ ಇರಲಿ — ಮಂಚದ ಮೇಲೇ ಕೂತು ಕುಡಿದು, ಹಾಲಿನ ಮೀಸೆ ಒರೆಸಿಕೊಂಡು ನನ್ನನ್ನೇ ನೋಡುತ್ತಾಳೆ, ಅಮ್ಮ, ನಮ್ಮ ಮಂಚ ಅಡುಗೆಮನೆಗೂ ಹೋಗಿ ಬರುತ್ತಾ, ಹಾಗಂದ್ರೆ ಏನೇ, ಈಗ ತಾನೇ ಸದ್ದು ಅಲ್ಲಿಂದ ಬಂತಲ್ಲ, ಹೋಗೇ ತರಲೆ, ಏಳು, ಅನ್ನುತ್ತ ಬಗ್ಗುತ್ತೇನೆ, ಕತ್ತು ಮುಂದೊಡ್ಡುತ್ತೇನೆ, ದಿನಾ ತಾವಾಗಿ ಬಂದು ಕೊರಳಿಗೆ ಬೀಳುವ ಕೈಗಳು ಬರಲಿಲ್ಲ, ಎರಡನ್ನೂ ತೊಡೆಯ ಕೆಳಗೆ ತೂರಿಸಿಕೊಂಡು ಕೂತಿದ್ದಾಳೆ, ಮಣಿಕಟ್ಟು ಮಾತ್ರ ಕಾಣುತ್ತಿದೆ, ಕೊಡೇ ಕೈ, ಹೊತ್ತಾಯ್ತು ಅಂದವಳು ನೀನೇ, ಇವತ್ತು ಹೋಗಲ್ಲಮ್ಮ, ನಾಳೆ ಏನ್ಮಾಡ್ತೀಯೇ, ನಾಳೆಯದು ನಾಳೆಗಮ್ಮ, ಹಟ ಬೇಡ ಕಂದಾ, ಹಟ ಅಲ್ಲಮ್ಮ, ನನ್ನ ಕತ್ತು ಬಾಗಿಯೇ ಇದೆ, ಬರಿದಾಗಿ, ತೊಡೆಯ ಕೆಳಗೆ ಕೈ, ಸುಮ್ಮನೆ ಇಟ್ಟದ್ದಲ್ಲ, ಮೈಭಾರವೆಲ್ಲ ಹಾಕಿ ಒತ್ತಿ ಹಿಡಿದಿದ್ದಾಳೆ, ಮೇಲೆದ್ದು ಬಿಟ್ಟಾವು ಅಂತ, ಕೊಡೇ, ತೊಡೆಯ ಕೆಳಗೆ ಆ ಎರಡು ಕೈ, ಆ ಎರಡು ಕೈ